ಸೈಕಲ್ ರೇಸ್ ಫೋಟೊ: ವರದಿಗೋ, ಗೋಡೆಗೋ?

ಪತ್ರಿಕೆಗೂ ಆಗಬೇಕು, ಮನೆಯ ಗೋಡೆಗೂ ಆಗಬೇಕು ಎಂದು ನಂದಿ ಬೆಟ್ಟದ ತಿರುವಿನಲ್ಲಿ ನಿಂತರೆ ಸಾಮಾನ್ಯವಾಗಿ ಎರಡೂ ಕೈತಪ್ಪುತ್ತವೆ. ವರದಿಯ ಫೋಟೊದಲ್ಲಿ ಯಾರು, ಎಲ್ಲಿ, ಎಷ್ಟನೇ ಸ್ಥಾನ ಎಂಬುದು ಕಾಣಬೇಕು. ಕಲಾತ್ಮಕ ಫೋಟೊಗೆ ಆ ಹಂಗಿಲ್ಲ, ಮುಖವೇ ಕಾಣದಿದ್ದರೂ ನಡೆಯುತ್ತದೆ. ಎರಡಕ್ಕೂ ಶಟರ್ ತೆರೆದಿರುವ ಸಮಯ ಬೇರೆ, ನಿಲ್ಲುವ ಜಾಗ ಬೇರೆ. ಆದ್ದರಿಂದ ಯಾವ ಹೊತ್ತು ವರದಿಗೆ, ಯಾವ ಹೊತ್ತು ಕಲೆಗೆ ಎಂದು ರೇಸ್ ಶುರುವಾಗುವ ಮುಂಚೆಯೇ ಹಂಚಿಟ್ಟುಕೊಳ್ಳಿ. ಸುತ್ತು ಹೊಡೆಯುವ ಕ್ರಿಟೀರಿಯಂ ಆದರೆ ಮೊದಲ ಎರಡು ಮತ್ತು ಕೊನೆಯ ಮೂರು ಸುತ್ತು ವರದಿಗೆ, ನಡುವಿನದೆಲ್ಲ ನಿಮ್ಮಿಷ್ಟ. ಬೆಟ್ಟ ಹತ್ತುವ ರೇಸಿನಲ್ಲಿ ಸವಾರರು ಒಮ್ಮೆ ಮಾತ್ರ ಸಿಗುತ್ತಾರೆ. ಮುಂದಿನ ಹತ್ತು ಮಂದಿಯನ್ನು ವರದಿಗೆ ಇಟ್ಟುಕೊಂಡು ಹಿಂದಿನವರನ್ನು ಕಲೆಗೆ ಬಿಡಿ. ನಿಜ ಹೇಳಬೇಕೆಂದರೆ ಏರಿನ ಕಷ್ಟ ಚೆನ್ನಾಗಿ ಕಾಣುವುದು ಹಿಂದಿನವರ ಮುಖದಲ್ಲೇ.

ವರದಿಯ ಫೋಟೊಗೆ ಶಟರ್ ಸೆಕೆಂಡಿನ 1/1000ರ ಆಸುಪಾಸು ಇರಲಿ. ಗಂಟೆಗೆ 40 ಕಿ.ಮೀ. ವೇಗದ ಸೈಕಲ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಪಕ್ಕದಿಂದ ತೆಗೆದರೆ 1/1000ರಲ್ಲಿ ಅದು ಸರಿಯುವುದು 11 ಮಿ.ಮೀ.; 1/250ರಲ್ಲಾದರೆ ನಾಲ್ಕೂವರೆ ಸೆಂ.ಮೀ., ಸವಾರನ ನಂಬರ್ ಕಲಸಿಹೋಗುತ್ತದೆ. ಹಾಗೆಂದು 1/4000ಕ್ಕೆ ಏರಿಸಬೇಡಿ. ಉರುಳುವ ಚಕ್ರದ ಮೇಲ್ತುದಿ ಸೈಕಲ್‌ನ ಎರಡರಷ್ಟು ವೇಗದಲ್ಲಿರುತ್ತದೆ, ನೆಲಕ್ಕೆ ತಾಗಿದ ಜಾಗ ಆ ಕ್ಷಣಕ್ಕೆ ನಿಂತಿರುತ್ತದೆ. ಕೆಳಗಿನ ಕಡ್ಡಿಗಳು ಚೂಪಾಗಿ, ಮೇಲಿನವು ತುಸು ಮಸುಕಾಗಿ ಬಂದರೇನೇ ಸೈಕಲ್ ಓಡುತ್ತಿದೆ ಅನ್ನಿಸುವುದು. ಎಲ್ಲವೂ ಚೂಪಾದರೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೆ. ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಒಬ್ಬರಿಗಾದರೆ ಎಫ್/4, ಗುಂಪಿಗೆ ಎಫ್/5.6. ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬೇಡ: ಬಹುತೇಕ ಕ್ಯಾಮೆರಾಗಳಲ್ಲಿ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಗಾಲಿ ಮೊಟ್ಟೆಯಾಕಾರಕ್ಕೆ ತಿರುಗಿ ಕಡ್ಡಿಗಳು ಬಾಗುತ್ತವೆ.

ಹೊಸಬರು ಎಡವುವುದು ನಂಬರಿನಲ್ಲಿ. ರೋಡ್ ರೇಸಿನಲ್ಲಿ ಬಿಬ್ (ನಂಬರಿನ ಚೀಟಿ) ಸಾಮಾನ್ಯವಾಗಿ ಸೊಂಟದ ಹಿಂಭಾಗದಲ್ಲಿರುತ್ತದೆ; ಎದುರಿನಿಂದ ತೆಗೆದ ಚೆಂದದ ಮುಖ ಯಾರದೆಂದು ಮನೆಗೆ ಹೋದ ಮೇಲೆ ಗೊತ್ತಾಗುವುದಿಲ್ಲ. ಸವಾರ ದಾಟಿದ ಕೂಡಲೇ ತಿರುಗಿ ಬೆನ್ನಿಗೊಂದು ಫ್ರೇಮ್ ಹೊಡೆಯಿರಿ. ಅದು ಪ್ರಕಟಣೆಗಲ್ಲ, ನಿಮ್ಮ ಟಿಪ್ಪಣಿಗೆ.

ನಿಲ್ಲುವಾಗ ಇಳಿಜಾರಿನ ತಿರುವಿನ ಹೊರಬದಿ ಬೇಡ. ಹಿಡಿತ ತಪ್ಪಿದ ಸೈಕಲ್ ನೇರ ಅಲ್ಲಿಗೇ ಬರುತ್ತದೆ. ಲೆನ್ಸ್ ಬ್ಯಾರಿಕೇಡ್ ದಾಟಬಾರದು, ಫ್ಲ್ಯಾಶ್ ಕಣ್ಣಿಗೆ ಹೊಡೆಯಬಾರದು.

ಕೊನೆಯ ಗೆರೆಯಲ್ಲಿ ಸ್ಪ್ರಿಂಟ್ ವೇಗ 60 ಕಿ.ಮೀ. ಎಂದುಕೊಳ್ಳಿ. ಸೆಕೆಂಡಿಗೆ 10 ಫ್ರೇಮ್ ತೆಗೆದರೂ ಎರಡು ಫ್ರೇಮ್‌ಗಳ ನಡುವೆ ಸೈಕಲ್ ಒಂದೂವರೆ ಮೀಟರಿಗಿಂತ ಹೆಚ್ಚು ಓಡಿರುತ್ತದೆ. ಗೆಲುವು ನಿರ್ಧಾರವಾಗುವುದು ಮುಂದಿನ ಟೈರಿನ ಅಂಚು ಗೆರೆಗೆ ತಾಗುವ ಕ್ಷಣದಲ್ಲಿ. ಓರೆಯಿಂದ ತೆಗೆದ ನಿಮ್ಮ ಫೋಟೊ ನೋಡಿ ಗೆದ್ದವರನ್ನು ತೀರ್ಮಾನಿಸಬೇಡಿ, ಅಧಿಕೃತ ಫಲಿತಾಂಶಕ್ಕೆ ಕಾಯಿರಿ. ಗೆರೆ ದಾಟಿದ ಮೇಲೂ ಬಟನ್ ಬಿಡಬೇಡಿ. ತಲೆ ಎತ್ತುವುದು, ಕೈ ಎತ್ತುವುದು, ಎರಡನೆಯವನ ಮುಖ ಸೊರಗುವುದು ಎಲ್ಲ ಆಮೇಲೆಯೇ.

ಇನ್ನು ಕಲೆಯ ಪಾಲು. ಪ್ಯಾನಿಂಗ್‌ಗೆ (ಸವಾರನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದಕ್ಕೆ) 1/30 ಎಂದು ಎಲ್ಲರೂ ಹೇಳುತ್ತಾರೆ, ಆದರೆ ಶಟರ್ ಸವಾರನ ವೇಗಕ್ಕೆ ತಕ್ಕಂತಿರಬೇಕು. ಸಮತಟ್ಟು ರಸ್ತೆಯ 40 ಕಿ.ಮೀ.ಗೆ 1/40 ಸಾಕು. ನಂದಿಯ ಏರಿನಲ್ಲಿ ಸವಾರ 15 ಕಿ.ಮೀ.ಗೆ ಇಳಿದಿರುತ್ತಾನೆ, ಅಲ್ಲಿ 1/15ಕ್ಕೆ ಹೋಗದಿದ್ದರೆ ಹಿನ್ನೆಲೆ ಗೀರಾಗುವುದೇ ಇಲ್ಲ. ಸೀಟಿನಲ್ಲಿ ಕೂತು ತುಳಿಯುವವರನ್ನೇ ಆರಿಸಿ. ಎದ್ದು ನಿಂತು ತುಳಿಯುವವರ ತಲೆ ಅಕ್ಕಪಕ್ಕ ಓಲಾಡಿ ಮುಖ ಕಲಸುತ್ತದೆ. ರಸ್ತೆಯಿಂದ ಆರೆಂಟು ಮೀಟರ್ ದೂರ ನಿಂತು, ಶಟರ್ ಒತ್ತುವ ಜಾಗಕ್ಕೆ ಪಾದ ನೆಟ್ಟು, ಸವಾರ ಬರುವ ಕಡೆಗೆ ಸೊಂಟ ಮಾತ್ರ ತಿರುಗಿಸಿ. ಇಪ್ಪತ್ತು ಮೀಟರ್ ಮೊದಲೇ ಹಿಂಬಾಲಿಸಲು ಶುರುಮಾಡಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಕೈ ನಿಂತರೆ ಕೊನೆಯ ಫ್ರೇಮ್‌ಗಳೆಲ್ಲ ಹಾಳು. ಲೆನ್ಸಿನ ನಡುಕ ತಡೆಯುವ ಸ್ಟೆಬಿಲೈಸರ್‌ಗೆ ಪ್ಯಾನಿಂಗ್ ಮೋಡ್ ಇದ್ದರೆ ಅದನ್ನೇ ಹಾಕಿ. ಹಿನ್ನೆಲೆಯಲ್ಲಿ ಮರದ ಕಾಂಡ, ಬಣ್ಣದ ಗೋಡೆ ಇರಲಿ. ಬರೀ ಆಕಾಶವಿದ್ದರೆ ಗೀರು ಮೂಡುವುದಿಲ್ಲ. ಅಭ್ಯಾಸಕ್ಕೆ ಭಾನುವಾರದ ಕಬ್ಬನ್ ಪಾರ್ಕ್ ಒಳ್ಳೆಯದು, ವಾಹನಗಳ ಕಾಟವಿಲ್ಲ. ನೆತ್ತಿ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇಟ್ಟರೂ 1/30 ಶಟರ್‌ಗೆ ಬೆಳಕು ಸುಮಾರು ಒಂದೂಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಹೆಚ್ಚಾಗುತ್ತದೆ. ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ ಜೇಬಿನಲ್ಲಿರಲಿ.

ಬೆಟ್ಟದ ಮಂಜು ಎರಡು ಕಡೆ ಕಾಡುತ್ತದೆ. ಕ್ಯಾಮೆರಾ ಮಂಜನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ, ಎಕ್ಸ್‌ಪೋಷರ್ ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿ. ಎಸಿ ಕಾರಿನಿಂದ ತೆಗೆದ ತಣ್ಣನೆಯ ಲೆನ್ಸಿಗೆ ಹನಿ ಕಟ್ಟುತ್ತದೆ. ತಲುಪುವ ಇಪ್ಪತ್ತು ನಿಮಿಷ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಬೆಂಗಳೂರಿನಲ್ಲಿ ಸೂರ್ಯೋದಯ ಮೇ ಕೊನೆಗೆ 5.50ರ ಸುಮಾರು, ಜನವರಿ ಕೊನೆಗೆ 6.45ರ ಸುಮಾರು. ಅದಕ್ಕಿಂತ ಅರ್ಧ ಗಂಟೆ ಮುಂಚೆ ಜಾಗದಲ್ಲಿರಿ.

ಎಡಿಟಿಂಗ್‌ನಲ್ಲೂ ಗೆರೆ ಸ್ಪಷ್ಟ. ಗೋಡೆಗೆ ಹೋಗುವ ಫೋಟೊದಲ್ಲಿ ಕರೆಂಟ್ ಕಂಬ ಅಳಿಸಿ, ಕಪ್ಪುಬಿಳುಪು ಮಾಡಿ, ನಿಮ್ಮ ಖುಷಿ. ವರದಿಗೆ ಕ್ರಾಪ್, ಬೆಳಕು, ಬಣ್ಣದ ತಿದ್ದುಪಡಿ ಇಷ್ಟೇ. ಕಂಬ ಅಲ್ಲೇ ಇರಲಿ. ಕ್ಯಾಮೆರಾದ ಗಡಿಯಾರ ಬೆಳಿಗ್ಗೆಯೇ ಮೊಬೈಲಿಗೆ ಹೊಂದಿಸಿಟ್ಟರೆ ಫಲಿತಾಂಶದ ಸಮಯದೊಂದಿಗೆ ತಾಳೆ ನೋಡಬಹುದು. ಸ್ಟಾರ್ಟ್ ಲಿಸ್ಟ್ ಇಂಗ್ಲಿಷಿನಲ್ಲಿದ್ದರೆ ವಿಜಯಪುರ, ಬಾಗಲಕೋಟೆ ಕಡೆಯ ಸವಾರರ ಅಡ್ಡಹೆಸರು ಊಹಿಸಿ ಬರೆಯಬೇಡಿ. ಅವರನ್ನೋ ಕೋಚ್ ಅವರನ್ನೋ ಕೇಳಿ ಬರೆದುಕೊಂಡು, ಆಮೇಲೆ ಫೈಲ್ ಕಳಿಸಿ.