ಹಂಡೆಗೆ ಹಿಡಿಸುವಷ್ಟೇ ಕೊನೆ: ಮಲೆನಾಡಿನ ಅಡಿಕೆ ಸುಗ್ಗಿಯಲ್ಲಿ ನನ್ನ ಅನುಭವ

ಮಳೆಗಾಲದ ಅಬ್ಬರ ಇಳಿದು ಹಸ್ತ, ಚಿತ್ತೆ ಮಳೆಗಳು ಬಿಟ್ಟು ಬಿಟ್ಟು ಬೀಳುವ ಹೊತ್ತಿಗೆ ಮಲೆನಾಡಿನ ಹಳ್ಳಿಗಳಲ್ಲಿ ಅಡಿಕೆ ಸುಗ್ಗಿ ಶುರುವಾಗುತ್ತದೆ. ಅಲ್ಲಿಂದ ಮೂರ್ನಾಲ್ಕು ತಿಂಗಳು ಕೊನೆಗಾರರಿಗೆ, ಅಂದರೆ ಮರದಿಂದ ಅಡಿಕೆಯ ಕೊನೆ (ಗೊನೆ) ಇಳಿಸುವವರಿಗೆ, ಬಿಡುವಿಲ್ಲ. ಸುಲಿಯುವ ಯಂತ್ರದವರು, ಹಸಿಕಾಯಿ ಕೊಳ್ಳುವ ಚೇಣಿದಾರರು, ಪಿಕಪ್ ಗಾಡಿಯವರು, ಗೋಣಿಚೀಲ ಮಾರುವವರು ಎಲ್ಲರ ವರ್ಷದ ದುಡಿಮೆಯ ದೊಡ್ಡ ಪಾಲು ಇದೇ ಹೊತ್ತಿನಲ್ಲಿ ನಡೆಯುತ್ತದೆ. ಸಣ್ಣ ತೋಟದವರಾದ ನಾವು ಮನೆಯಲ್ಲೇ ಸುಲಿಸಿ, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತೇವೆ. ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದಿದೆ. ಕೆಂಪಡಿಕೆ ಕೆಡುವುದು ಹೆಚ್ಚಾಗಿ ಮರದಲ್ಲೂ ಅಲ್ಲ, ಹಂಡೆಯಲ್ಲೂ ಅಲ್ಲ, ನಡುವಿನ ಕಾಯುವಿಕೆಯಲ್ಲಿ. ಕೊನೆ ಇಳಿಸಿದ್ದು ಹೆಚ್ಚಾಗಿ ಸುಲಿಯುವವರು ಸಿಗದಿದ್ದರೆ ಕಾಯಿ ರಾಶಿಯಲ್ಲೇ ಬಿಸಿಯೇರಿ ಹಳದಿಗೆ ತಿರುಗುತ್ತದೆ. ಸುಲಿದದ್ದು ಹೆಚ್ಚಾಗಿ ಹಂಡೆ ಸಾಲದಿದ್ದರೆ ರಾತ್ರಿ ಕಳೆಯುವುದರೊಳಗೆ ಲೋಳೆ ಬರುತ್ತದೆ. ಬೇಯಿಸಿದ್ದು ಹೆಚ್ಚಾಗಿ ಹರವಲು ಜಾಗವಿಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಲೆಕ್ಕವನ್ನು ಅಂಗಳದಿಂದ ಹಿಂದಕ್ಕೆ ಹಾಕುತ್ತೇವೆ: ಅಂಗಳ ಮತ್ತು ಒಣಗಿಸಲು ಬಿಸಿಲಿಗೆ ಕಟ್ಟಿದ ಅಟ್ಟದಲ್ಲಿ ಒಂದೇ ಪದರವಾಗಿ ಎಷ್ಟು ಹರವಬಹುದು, ಅಷ್ಟಕ್ಕೆ ಎಷ್ಟು ಹಂಡೆ, ಅಷ್ಟು ಹಂಡೆಗೆ ಎಷ್ಟು ಜನ ಸುಲಿಯಬೇಕು, ಅವರ ಕೈಗೆ ಎಷ್ಟು ಕೊನೆ ಬೇಕು. ಕೊನೆಗಾರರಿಗೆ ಹೇಳುವುದು ಆ ಕಡೆಯ ಅಂಕಿಯನ್ನು ಮಾತ್ರ. ಅವರು ಬಂದ ದಿನ ತೋಟವೆಲ್ಲ ಮುಗಿಸಿಬಿಡೋಣ ಅನ್ನಿಸುವುದು ಸಹಜ, ಏಕೆಂದರೆ ಮತ್ತೆ ಅವರು ಸಿಗುವುದು ಕಷ್ಟ. ಅದಕ್ಕೆ ನಾವು ಕಂಡುಕೊಂಡ ದಾರಿ, ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಒಂದೇ ತಂಡವನ್ನು ಗೊತ್ತುಮಾಡಿಕೊಂಡು ಸರದಿಯಲ್ಲಿ ಅರ್ಧ ದಿನ, ಒಂದು ದಿನ ಹಂಚಿಕೊಳ್ಳುವುದು. ಕೊನೆಗಾರರಿಗೂ ಒಂದೇ ಊರಿನಲ್ಲಿ ವಾರಗಟ್ಟಲೆ ಕೆಲಸ ಸಿಗುತ್ತದೆ.

ಕೆಂಪಡಿಕೆಗೆ ಬೇಕಾದದ್ದು ಆರೇಳು ತಿಂಗಳ ಹಸಿರು ಕಾಯಿ. ಒಂದೇ ಮರದ ಕೊನೆಗಳು ಒಟ್ಟಿಗೆ ಬಲಿಯುವುದಿಲ್ಲ. ಆದ್ದರಿಂದ ತೋಟಕ್ಕೆ ಮೂರು ಅಥವಾ ನಾಲ್ಕು ಸಲ ಕೊಯ್ಲು ಬೇಕು, ಒಂದಕ್ಕೂ ಇನ್ನೊಂದಕ್ಕೂ ಸುಮಾರು ಒಂದು ತಿಂಗಳ ಅಂತರ. ಯಾವ ಕೊನೆ ಹದಕ್ಕೆ ಬಂದಿದೆ ಎಂದು ತಿಳಿಯಲು ಸಂಶಯವಿದ್ದ ಮರದಿಂದ ಒಂದು ಕಾಯಿ ಇಳಿಸಿ ಸುಲಿದು ನೋಡಬೇಕು. ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಿವೆ. ಉಗುರು ಸುಲಭವಾಗಿ ಇಳಿದರೆ ತೀರಾ ಎಳೆಯದು, ಸರಕಿಗೆ ಹೊಂದುತ್ತದೆ. ಉಗುರು ಒತ್ತಿದರೆ ಗುರುತು ಬಿದ್ದು ಅಲ್ಲೇ ನಿಂತರೆ ರಾಶಿಗೆ, ಬೆಟ್ಟೆಗೆ ಸರಿ. ಉಗುರೇ ಇಳಿಯದಿದ್ದರೆ ಬಲಿತಿದೆ, ಅದು ಗೊರಬಲಿಗೆ ಇಳಿಯುತ್ತದೆ. ಹಣ್ಣಾಗುವವರೆಗೆ ಬಿಟ್ಟು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುವುದು ಬೇರೆಯೇ ಕೆಲಸ. ಕರಾವಳಿಯವರು ಅದರಲ್ಲಿ ನಿಪುಣರು, ಅದಕ್ಕೆ ನಲವತ್ತು ದಿನಕ್ಕಿಂತ ಹೆಚ್ಚು ಬಿಸಿಲು ಬೇಕು.

ಮರ ಒದ್ದೆಯಿದ್ದಾಗ ಹತ್ತಿಸುವುದಿಲ್ಲ. ಮಳೆಗಾಲದಲ್ಲಿ ಕಾಂಡದ ಮೇಲೆ ಕಟ್ಟಿದ ಪಾಚಿ ಈ ಹೊತ್ತಿಗೂ ಇರುತ್ತದೆ, ಬೆಳಗಿನ ಇಬ್ಬನಿ ಬಿದ್ದರೂ ಜಾರುತ್ತದೆ. ಬಿಸಿಲು ಬಂದು ಕಾಂಡ ಆರಿದ ಮೇಲೆಯೇ ಶುರು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯಬಹುದು. ಆದರೆ ಕೊನೆಯನ್ನು ನೇರ ನೆಲಕ್ಕೆ ಬೀಳಿಸಿದರೆ ಕಾಯಿ ಸಿಡಿದು, ಪೆಟ್ಟು ತಿಂದ ಕಡೆ ಕಪ್ಪಾಗುತ್ತದೆ. ಕೆಳಗೆ ಇಬ್ಬರು ಬಲೆ ಅಥವಾ ತಾಡಪಾಲು ಹಿಡಿದು ನಿಲ್ಲಬೇಕು. ಕೊಳೆ ರೋಗ ತಗುಲಿದ ಕೊನೆಗಳನ್ನು ತೋಟದಲ್ಲೇ ಬೇರೆ ಹಾಕಬೇಕು. ಒಳ್ಳೆಯ ಕಾಯಿಯ ಜೊತೆ ಮನೆಗೆ ಬಂದರೆ ಸುಲಿಯುವವರಿಗೆ ಗೊಂದಲ, ಹಂಡೆಗೂ ಕೆಟ್ಟ ವಾಸನೆ.

ಸುಲಿಯುವುದರಲ್ಲಿ ಮೆಟ್ಟುಗತ್ತಿಗೂ (ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಕತ್ತಿ) ಯಂತ್ರಕ್ಕೂ ಅವುಗಳದೇ ಜಾಗ ಇದೆ. ಎಳೆಕಾಯಿಗೆ ಇವತ್ತಿಗೂ ಮೆಟ್ಟುಗತ್ತಿಯೇ ವಾಸಿ; ಪಳಗಿದ ಕೈಯಲ್ಲಿ ಅಡಿಕೆಗೆ ಗಾಯವಾಗುವುದಿಲ್ಲ. ಸುಲಿಯುವವರಿಗೆ ಡಬ್ಬಿಯ ಅಥವಾ ಕೆ.ಜಿ. ಲೆಕ್ಕದಲ್ಲಿ ಕೂಲಿ. ಯಂತ್ರ ವೇಗವಾಗಿ ಸುಲಿಯುತ್ತದೆ, ಆದರೆ ಅದಕ್ಕೆ ಒಂದೇ ಗಾತ್ರದ ಕಾಯಿ ಬೇಕು. ಸಣ್ಣದು, ದೊಡ್ಡದು ಬೆರೆಸಿ ಹಾಕಿದರೆ ದೊಡ್ಡದು ಕತ್ತರಿಸಿಹೋಗುತ್ತದೆ, ಸಣ್ಣದರ ಸಿಪ್ಪೆ ಅರ್ಧ ಉಳಿಯುತ್ತದೆ. ಯಂತ್ರ ಬಾಡಿಗೆಗೆ ತರಿಸುವ ಮೊದಲು ಕಾಯಿಯನ್ನು ಜರಡಿಯಲ್ಲಿ ಎರಡು ಗಾತ್ರ ಮಾಡಿಟ್ಟುಕೊಳ್ಳಿ, ಗಾತ್ರ ಬದಲಿಸಿದಾಗಲೆಲ್ಲ ಬ್ಲೇಡಿನ ಅಂತರ ಸರಿಪಡಿಸಿಕೊಡಲು ಯಂತ್ರದವರಿಗೆ ಹೇಳಿ. ಕೊಯ್ದ ದಿನವೇ ಅಥವಾ ಮರುದಿನ ಸುಲಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಎರಡು ಮೂರು ದಿನ ಕಳೆದರೆ ನಾರು ಅಡಿಕೆಗೆ ಅಂಟಿಕೊಳ್ಳುತ್ತದೆ, ಕೂಲಿ ಅಷ್ಟೇ ಕೊಟ್ಟರೂ ಕೆಲಸ ಮುಕ್ಕಾಲೇ ಆಗುತ್ತದೆ. ಸುಲಿದ ಅಡಿಕೆಯನ್ನು ಚೀಲದಲ್ಲಿ ಕಟ್ಟಿಡಬಾರದು. ಹರವಿಟ್ಟು, ಬೆಳಗಾಗುತ್ತಲೇ ಹಂಡೆಗೆ ಹಾಕಬೇಕು.

ಹಂಡೆ ತಾಮ್ರದ್ದೇ ಆಗಬೇಕು. ಅಡಿಕೆಯ ಟ್ಯಾನಿನ್ ಕಬ್ಬಿಣ ಮುಟ್ಟಿದರೆ ಕಪ್ಪಾಗುತ್ತದೆ, ಆ ಕಪ್ಪು ಮತ್ತೆ ಹೋಗುವುದಿಲ್ಲ. ಸೌಟು, ಜಾಲರಿ, ಚೊಗರು (ಅಡಿಕೆ ಬೇಯಿಸಿದ ಬಣ್ಣದ ನೀರು) ತುಂಬುವ ಪಾತ್ರೆ ಯಾವುದೂ ಕಬ್ಬಿಣದ್ದಾಗಬಾರದು. ಹಂಡೆಯ ಮುಕ್ಕಾಲು ಭಾಗ ಅಡಿಕೆ, ಅದರ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಅಥವಾ ತಿಳಿ ಚೊಗರು. ಉರಿ ಮೊದಲು ಜೋರಾಗಿರಲಿ, ಕುದಿ ಬಂದ ಮೇಲೆ ಒಂದೇ ಹದದಲ್ಲಿ ನಿಲ್ಲಲಿ. ಒಣಗಿದ ಅಡಿಕೆ ಮರ, ಸೋಗೆ, ಹಿಂದಿನ ವರ್ಷದ ಸಿಪ್ಪೆ ಇಷ್ಟೇ ಉರುವಲಿಗೆ ಸಾಕಾಗುತ್ತದೆ. ಆಗಾಗ ತಳದಿಂದ ಎತ್ತಿ ತಿರುವಬೇಕು.

ಬೆಂದಿದೆಯೇ ಎಂದು ಗಡಿಯಾರ ನೋಡಿ ಹೇಳಲಾಗದು, ಕಾಯಿ ಎಳೆಯದೋ ಬಲಿತದ್ದೋ ಎಂಬುದರ ಮೇಲೆ ಹೊತ್ತು ಬದಲಾಗುತ್ತದೆ. ನಾಲ್ಕೈದು ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಸೀಳಿ ನೋಡುತ್ತೇವೆ. ನಡುವಿನ ಹಸಿ ಬಿಳುಪು ಹೋಗಿ ಬಣ್ಣ ಒಳಗಿನವರೆಗೆ ಒಂದೇ ಸಮ ಇಳಿದಿದ್ದರೆ ಆಯಿತು. ಬೇಯುವುದು ಕಡಿಮೆಯಾದರೆ ಒಣಗಿದ ಮೇಲೆ ಒಳಗೆ ಬೆಳ್ಳಗೆ ಉಳಿದು ಸಂಗ್ರಹದಲ್ಲಿ ಹುಳು ಬೀಳುತ್ತದೆ. ಹೆಚ್ಚಾದರೆ ಅಡಿಕೆ ಬಿರಿಯುತ್ತದೆ, ಸಾರ ಚೊಗರಿಗೆ ಇಳಿದು ತೂಕವೂ ಕಡಿಮೆ.

ಬಣ್ಣದ ಗುಟ್ಟೆಲ್ಲ ಚೊಗರಿನಲ್ಲಿದೆ. ಒಂದೊಂದು ಹಂಡೆ ಬೆಂದಾಗಲೂ ಅದೇ ನೀರನ್ನು ಮುಂದಿನದಕ್ಕೆ ಬಳಸುವುದರಿಂದ ಅದು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಎಳೆ ಅಡಿಕೆ ಹೆಚ್ಚು ಚೊಗರು ಬಿಡುತ್ತದೆ, ಬಲಿತದ್ದು ಕಡಿಮೆ. ಸುಗ್ಗಿಯ ಮೊದಲ ಹಂಡೆಗೆ ಹಳೆಯ ಚೊಗರು ಎತ್ತಿಟ್ಟದ್ದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊದಲ ಹಂಡೆಯನ್ನು ಸಣ್ಣದಾಗಿ ಹಾಕಿ, ಮಸುಕಾಗಿ ಬಂದ ಆ ಅಡಿಕೆಯನ್ನು ನಂತರ ಗಟ್ಟಿ ಚೊಗರಿನಲ್ಲಿ ಅದ್ದಿ ಮತ್ತೆ ಒಣಗಿಸಬೇಕು. ಚೊಗರು ತೀರಾ ದಪ್ಪವಾದರೆ ಇನ್ನೊಂದು ತೊಂದರೆ: ಅಡಿಕೆಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ, ಕಪ್ಪಾಗಿ ಕಾಣುತ್ತದೆ, ಒಣಗುವುದಿಲ್ಲ. ಸೌಟಿನಿಂದ ಸುರಿದಾಗ ನೀರಿನಂತೆ ಚದುರದೆ ಎಳೆಯಾಗಿ ಇಳಿಯತೊಡಗಿದರೆ ಒಂದು ಪಾಲು ತೆಗೆದಿಟ್ಟು ಹೊಸ ನೀರು ಸೇರಿಸುತ್ತೇವೆ. ತೆಗೆದಿಟ್ಟ ಗಟ್ಟಿ ಚೊಗರು ಸರಕಿಗೆ, ಬೆಟ್ಟೆಗೆ ಬಣ್ಣ ಕಟ್ಟಲು ಬೇಕೇಬೇಕು. ಬಣ್ಣಕ್ಕಾಗಿ ಹೊರಗಿನ ಪುಡಿ ಬೆರೆಸುವುದು ತಪ್ಪು. ತಿನ್ನುವ ಪದಾರ್ಥಕ್ಕೆ ಅದು ಸಲ್ಲದು, ಒಬ್ಬರು ಹಾಗೆ ಮಾಡಿದರೆ ಇಡೀ ಊರಿನ ಅಡಿಕೆಯ ಹೆಸರು ಕೆಡುತ್ತದೆ.

ಬೇಯಿಸಿದ್ದನ್ನು ಬುಟ್ಟಿಗೆ ಎತ್ತಿ, ಚೊಗರು ಹಂಡೆಗೇ ಬಸಿದು ಇಳಿಯಲು ಬಿಟ್ಟು, ಬಿಸಿಯಿರುವಾಗಲೇ ಅಟ್ಟದ ಮೇಲೆ ಹರವಬೇಕು. ಮೊದಲ ದಿನದ ಬಿಸಿಲು ತಪ್ಪಬಾರದು. ಅದಕ್ಕೇ ಒಲೆ ಹಚ್ಚುವುದು ನಸುಕಿನಲ್ಲಿ, ಹತ್ತು ಗಂಟೆಯೊಳಗೆ ಮೊದಲ ಹಂಡೆ ಅಟ್ಟ ಸೇರಬೇಕು. ಒಳ್ಳೆಯ ಬಿಸಿಲಿದ್ದರೆ ರಾಶಿ ಅಡಿಕೆ ಸುಮಾರು ಒಂದು ವಾರದಲ್ಲಿ ಒಣಗುತ್ತದೆ. ಮೊದಲೆರಡು ದಿನ ಗಂಟೆಗೊಮ್ಮೆ ಕೈಯಾಡಿಸದಿದ್ದರೆ ಅಡಿಭಾಗ ಬೆವರಿ ಚುಕ್ಕೆ ಬೀಳುತ್ತದೆ.

ಈ ಕಾಲದ ದೊಡ್ಡ ಶತ್ರು ಹಿಂಗಾರು. ಅಕ್ಟೋಬರ್ ಮಧ್ಯದಿಂದ ಚಿತ್ತೆ, ಆಮೇಲೆ ಸ್ವಾತಿ, ವಿಶಾಖ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಬರುತ್ತವೆ, ಬೆಳಗ್ಗೆ ಆಕಾಶ ನಿರ್ಮಲವಾಗಿದ್ದರೂ ನಂಬುವಂತಿಲ್ಲ. ಅಟ್ಟದ ಮೇಲೆ ಸದಾ ತಾಡಪಾಲು ಸುತ್ತಿಟ್ಟಿರಬೇಕು, ಎಳೆದುಕೊಳ್ಳಲು ಎರಡು ಕಡೆ ಹಗ್ಗ ಕಟ್ಟಿರಬೇಕು. ಮಳೆ ನಿಂತ ತಕ್ಷಣ ಹೊದಿಕೆ ತೆಗೆಯಲೇಬೇಕು, ಮುಚ್ಚಿಟ್ಟ ಬಿಸಿ ಅಡಿಕೆ ಹೊದಿಕೆಯೊಳಗೆ ಬೆವರಿ ಮಳೆಗಿಂತ ಹೆಚ್ಚು ಹಾಳಾಗುತ್ತದೆ. ಎರಡು ದಿನ ಮೋಡ ಕಟ್ಟಿ ಅಡಿಕೆಗೆ ಲೋಳೆ ಬಂದರೆ ಗಾಬರಿ ಬೇಡ. ಬಿಸಿ ಚೊಗರಿನಲ್ಲಿ ಒಂದು ಕುದಿ ಕುದಿಸಿ ತೆಗೆದರೆ ಲೋಳೆ ಬಿಡುತ್ತದೆ. ಆದರೆ ಹೊಳಪು ಸ್ವಲ್ಪ ತಗ್ಗುತ್ತದೆ, ಅದನ್ನು ಒಳ್ಳೆಯ ರಾಶಿಗೆ ಬೆರೆಸಬಾರದು. ಡ್ರೈಯರ್ ಇದ್ದವರು ಉರಿ ಜೋರು ಮಾಡಿ ಅವಸರಪಡಿಸಬಾರದು. ನಾವು ಅರವತ್ತು ಡಿಗ್ರಿ ಮೀರಲು ಬಿಡುವುದಿಲ್ಲ. ಮೀರಿದರೆ ಹೊರಗೆ ಗಟ್ಟಿ ಸಿಪ್ಪೆ ಕಟ್ಟಿ ತೇವ ಒಳಗೇ ಉಳಿಯುತ್ತದೆ.

ಭೂಮಿ ಹುಣ್ಣಿಮೆ ಮತ್ತು ದೀಪಾವಳಿ ಎರಡೂ ಸುಗ್ಗಿಯ ನಡುವೆಯೇ ಬರುತ್ತವೆ. ದೀಪಾವಳಿಗೆ ಸುಲಿಯುವವರು ಮೂರ್ನಾಲ್ಕು ದಿನ ಬರುವುದಿಲ್ಲ, ಬರಬೇಕೆಂದು ಕೇಳುವುದೂ ಸರಿಯಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆಯೇ ಕೊಯ್ಲು ನಿಲ್ಲಿಸಿ, ಮನೆಯಲ್ಲಿ ಹಸಿಕಾಯಿ ಉಳಿಯದಂತೆ ನೋಡಿಕೊಳ್ಳುತ್ತೇವೆ. ಕೂಲಿಯ ಬಾಕಿಯೂ ಅಷ್ಟರಲ್ಲಿ ಚುಕ್ತಾ ಆಗಬೇಕು.

ಬೇಯಿಸಲು ಜನವಿಲ್ಲದವರು ಚೇಣಿಗೆ ಕೊಡುತ್ತಾರೆ. ಒಂದು ಕ್ವಿಂಟಾಲ್ ಹಸಿಕಾಯಿಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂದು ಮಾತಾಗುತ್ತದೆ. ಸಾಮಾನ್ಯವಾಗಿ ಅದು ಹನ್ನೆರಡು, ಹದಿಮೂರರ ಆಸುಪಾಸು. ಎಳೆಕಾಯಿಯಲ್ಲಿ ನೀರು ಹೆಚ್ಚು, ಒಣ ತೂಕ ಕಡಿಮೆ. ಆದ್ದರಿಂದ ಮೊದಲ ಕೊಯ್ಲಿನ ಲೆಕ್ಕವನ್ನೇ ಕೊನೆಯ ಕೊಯ್ಲಿಗೂ ಒಪ್ಪಿಕೊಂಡರೆ ತೋಟದವರಿಗೆ ನಷ್ಟ. ಮಾತಾಡುವ ಮೊದಲು ಹತ್ತು ಕೆ.ಜಿ. ಹಸಿಕಾಯಿ ತೂಗಿ, ಮನೆಯಲ್ಲೇ ಸುಲಿದು ಬೇಯಿಸಿ ಒಣಗಿಸಿ ಮತ್ತೆ ತೂಗಿ ನೋಡಿ. ನಿಮ್ಮ ತೋಟದ ನಿಜವಾದ ಇಳುವರಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ, ಚೇಣಿದಾರರ ಜೊತೆ ಮನಸ್ತಾಪವೂ ಇರುವುದಿಲ್ಲ.

ಹಸಿಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದನ್ನು ರಸ್ತೆಬದಿಗೆ ಸುರಿಯುವ ರೂಢಿ ಇನ್ನೂ ಇದೆ, ಮಳೆ ಬಿದ್ದರೆ ಕೊಳೆತು ನಾರುತ್ತದೆ, ದಾರಿಹೋಕರಿಗೆ ತೊಂದರೆ. ನಾವು ಸಗಣಿ ನೀರು ಚಿಮುಕಿಸಿ ಪದರ ಪದರವಾಗಿ ಗುಂಡಿಗೆ ತುಂಬುತ್ತೇವೆ. ನಾರು ಗಟ್ಟಿಯಾದ್ದರಿಂದ ಗೊಬ್ಬರವಾಗಲು ವರ್ಷವೇ ಬೇಕು, ಆದರೆ ತೋಟಕ್ಕೇ ಮರಳುತ್ತದೆ.

ಒಣಗಿದ ಅಡಿಕೆಯನ್ನು ಅಡಕತ್ತರಿಯಲ್ಲಿ ಒತ್ತಿದರೆ ಟಕ್ಕನೆ ಒಡೆಯಬೇಕು. ಒಡೆಯದೆ ಬಗ್ಗಿದಂತಾದರೆ ಇನ್ನೆರಡು ಬಿಸಿಲು ಬೇಕು. ಚೀಲಕ್ಕೆ ತುಂಬುವ ಮೊದಲು ಒಂದು ರಾತ್ರಿ ನೆರಳಿನಲ್ಲಿ ಆರಲು ಬಿಟ್ಟು, ಪ್ಲಾಸ್ಟಿಕ್ ಒಳಪದರವಿರುವ ಗೋಣಿಗೆ ತುಂಬಿ, ನೆಲದ ಮೇಲಿಡದೆ ಹಲಗೆಯ ಮೇಲೆ ಪೇರಿಸಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಒಂದೊಂದನ್ನೂ ಬೇರೆ ಬೇರೆ ಆರಿಸಿಡಬೇಕು. ಬೆರೆತ ಚೀಲಕ್ಕೆ ಅದರಲ್ಲಿರುವ ಕಡಿಮೆ ದರ್ಜೆಯ ಬೆಲೆಯೇ ಬೀಳುತ್ತದೆ. ನಮ್ಮ ಭಾಗ್ಯಕ್ಕೆ ಈ ಸೀಮೆಯಲ್ಲಿ ಸಹಕಾರದ ಹಳೆಯ ಬಲವಿದೆ: ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಿಂದ, ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದ, ಮಂಗಳೂರಿನ ಕ್ಯಾಂಪ್ಕೊ 1973ರಿಂದ ನಡೆದುಬಂದಿವೆ. ಸಂಘಕ್ಕೆ ಹಾಕುವಾಗ ಎಲ್ಲವನ್ನೂ ಒಂದೇ ದಿನ ಮಾರುವುದಿಲ್ಲ. ಕೂಲಿ, ಗೊಬ್ಬರದ ಬಾಕಿಗೆ ಬೇಕಾದಷ್ಟು ಮೊದಲು, ಉಳಿದದ್ದು ದರ ನೋಡಿಕೊಂಡು. ಪ್ರತಿ ಚೀಲದ ಮನೆಯ ತೂಕ ಬರೆದಿಟ್ಟುಕೊಂಡು, ಅಲ್ಲಿನ ತೂಕದ ಚೀಟಿಯ ಪಕ್ಕದಲ್ಲಿಟ್ಟು ನೋಡಿಯೇ ಲೆಕ್ಕಕ್ಕೆ ಸಹಿ ಹಾಕಬೇಕು.