ಗ್ಯಾಸ್ ಒಲೆಯ ಮೇಲೆ ಜೋಳದ ಅಳ್ಳು: ನನ್ನ ಅನುಭವ

ಈ ಸಲ ನಾಗರ ಪಂಚಮಿಗೆ ನಮ್ಮ ಮನೆಯ ಅಳ್ಳು, ಅಂದರೆ ಹುರಿದು ಅರಳಿಸಿದ ಜೋಳ, ಕಾಳು ಹುರಿಯುವ ಭಟ್ಟಿಯಿಂದ ಬರಲಿಲ್ಲ. ಕಲಬುರಗಿಯ ನಮ್ಮ ಸಣ್ಣ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಮೇಲೆ, ಹತ್ತಿರ ಹತ್ತಿರ ಹತ್ತು ಕಿಲೋ ಜೋಳ ನಾನೇ ಹುರಿದೆ. "ಗ್ಯಾಸಿನ ಮ್ಯಾಲ ಅಳ್ಳು ಆಗಂಗಿಲ್ಲವ್ವ. ಉಸುಕು ಬೇಕು, ಕಟಗಿ ಉರಿ ಬೇಕು" ಅಂತ ಅತ್ತಿ ಮೂರು ಶ್ರಾವಣ ಹೇಳಿದ್ದರು. ಓಣಿಯವರೂ ಅದನ್ನೇ ಅಂದಿದ್ದರು.

ಮೊದಲ ವರ್ಷ ರೊಟ್ಟಿಗೆ ಅಂತ ತಂದಿದ್ದ ಮಾಲ್ದಂಡಿ ತಳಿಯ ಜೋಳವನ್ನೇ ಹಾಕಿದೆ. ರೊಟ್ಟಿಗೆ ಅದಕ್ಕೆ ಸಾಟಿ ಇಲ್ಲ. ಅಳ್ಳಿಗೆ ಮಾತ್ರ ಅದು ಒಗ್ಗಲಿಲ್ಲ. ಕಾಳು ಸ್ವಲ್ಪ ಬಾಯಿ ಬಿಟ್ಟು ಅಷ್ಟಕ್ಕೇ ನಿಂತವು. ಕಿಲೋಗೆ ಪಾವು ಕಿಲೋನೂ ಸರಿಯಾಗಿ ಅರಳಲಿಲ್ಲ. ಮೇಲೆ, ನಾನ್‌ಸ್ಟಿಕ್ ಬಾಣಲೆಯನ್ನು ಬರಿದೇ ದೊಡ್ಡ ಉರಿಗೆ ಕಾಯಿಸಿದ್ದಕ್ಕೆ ಅದರ ಕೋಟಿಂಗ್ ಎದ್ದುಹೋಯಿತು. 1,100 ರೂಪಾಯಿಯ ಬಾಣಲೆ ಅದು.

ಎರಡನೇ ವರ್ಷ ಗಂಜ್ ಮಾರುಕಟ್ಟೆಯಿಂದ ಅಳ್ಳಿನ ಜೋಳವನ್ನೇ ತಂದೆ, ಎರಡು ಕಿಲೋ. ಪಾಪ್‌ಕಾರ್ನ್ ಮಾಡಿದ ಹಾಗೆ ಕುಕ್ಕರಿಗೆ ಎಣ್ಣೆ ಹಾಕಿ ಮುಚ್ಚಿದೆ. ಅರಳಿತು, ಆದರೆ ಹಬೆ ಒಳಗೇ ನಿಂತು ಮೆತ್ತಗಾಯಿತು. ಅಗಿದರೆ ಹಲ್ಲಿಗೆ ಅಂಟುತ್ತಿತ್ತು. ಅಳ್ಳಿಟ್ಟಿಗೆ, ಅಂದರೆ ಅಳ್ಳಿನ ಹಿಟ್ಟಿಗೆ, ಬೀಸಲು ಹೋದರೆ ಎಣ್ಣೆಯಿಂದ ಹಿಟ್ಟು ಮುದ್ದೆ ಮುದ್ದೆ. ಆ ವರ್ಷ ಪಂಚಮಿಯ ಹಿಂದಿನ ದಿನ ಅಂಗಡಿಯಲ್ಲಿ ಕಿಲೋಗೆ 200ರ ಹತ್ತಿರ ಕೊಟ್ಟು ತಂದೆವು.

ದಾರಿ ತೋರಿಸಿದ್ದು ಮಳೆ. ಉಳಿದ ಜೋಳದ ಚೀಲ ಕಿಟಕಿಯ ಕೆಳಗಿತ್ತು. ರಾತ್ರಿ ಇರಚಲು ಹೊಡೆದು ಒಂದು ಮೂಲೆ ತೇವವಾಗಿತ್ತು. ಮೇಲಿನ ಪಸೆ ಆರಿಸಿ, ಕೆಡಬಾರದು ಅಂತ ಅದನ್ನೇ ಹುರಿದೆ. ಆ ಮೂಲೆಯ ಕಾಳು ಮಲ್ಲಿಗೆ ಮೊಗ್ಗಿನಂತೆ ಬಿರಿದವು! ಆಗ ತಿಳಿಯಿತು. ನಮ್ಮ ಹಿಂಗಾರಿ ಜೋಳ ಶಿವರಾತ್ರಿಯ ಆಸುಪಾಸಿಗೆ ಮನೆ ಸೇರುತ್ತದೆ. ಆಮೇಲೆ ಕಲಬುರಗಿಯ ಬಿಸಿಲು ಗೊತ್ತಲ್ವಾ, 42, 43 ಡಿಗ್ರಿ. ಶ್ರಾವಣದ ಹೊತ್ತಿಗೆ ಕಾಳಿನೊಳಗಿನ ನೀರು ಬಹಳಷ್ಟು ಆರಿರುತ್ತದೆ. ಒಳಗೆ ಸಾಕಷ್ಟು ಹಬೆ ಆಗದಿದ್ದರೆ ಕಾಳು ಅರಳುವುದು ಹೇಗೆ?

ಈಗ ಒಂದು ಕಿಲೋಗೆ ಮೂರೂವರೆ ದೊಡ್ಡ ಚಮಚ ನೀರು ಚಿಮುಕಿಸಿ, ಕೈಯಿಂದ ತಿಕ್ಕಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ರಾತ್ರಿ ಎರಡು ಸಲ ಅಲ್ಲಾಡಿಸಬೇಕು. ಐದು ಚಮಚ ಹಾಕಿದಾಗ ಅಳ್ಳು ಗಟ್ಟಿಯಾಯಿತು, ಎರಡು ಹಾಕಿದಾಗ ಅರ್ಧ ಕಾಳು ಹಾಗೇ ಉಳಿಯಿತು. ನೀರಿಗೆ ಇನ್ನೊಂದು ಚಿಟಿಕೆ ಏನೋ ಸೇರಿಸುತ್ತೇನೆ. ಅದು ನನ್ನಲ್ಲೇ ಇರಲಿ. ಗಂಜಿನಲ್ಲಿ ಕಾಳು ಆರಿಸುವ ಅಂಗಡಿಯ ಹೆಸರನ್ನೂ ಕೇಳಬೇಡಿ.

ಬಾಣಲೆ ದಪ್ಪ ಕಬ್ಬಿಣದ್ದೇ ಆಗಬೇಕು. ದೊಡ್ಡ ಬರ್ನರ್, ಪೂರ್ತಿ ಉರಿ. ನಾಲ್ಕು ಕಾಳು ಹಾಕಿ ನೋಡಿ. ಐದು ಎಣಿಸುವುದರೊಳಗೆ ಸಿಡಿದರೆ ಹದ ಬಂತು. ಕಪ್ಪಾದರೆ ಉರಿ ಜಾಸ್ತಿ. ಒಂದು ಸಲಕ್ಕೆ ಒಂದೇ ಹಿಡಿ. ಆಸೆಪಟ್ಟು ಎರಡು ಹಿಡಿ ಹಾಕಿದರೆ ಬಾಣಲೆ ತಣ್ಣಗಾಗುತ್ತದೆ. ಹಳೆ ಧೋತರದ ಬಟ್ಟೆಯನ್ನು ಕೋಲಿಗೆ ಸುತ್ತಿ ಕಟ್ಟಿ, ಅದರಿಂದ ಕಾಳನ್ನು ಒತ್ತಿ ತಿರುವುತ್ತೇನೆ. ಮೊದಲು ಒಂದೊಂದೇ ಟಪ್ ಅನ್ನುತ್ತದೆ, ಆಮೇಲೆ ಒಮ್ಮೆಲೇ ಚಟಪಟ ಶುರು. ತಕ್ಷಣ ಮೇಲೆ ಹಿಟ್ಟಿನ ಜರಡಿ ಬೋರಲು ಹಾಕಬೇಕು. ಅಳ್ಳು ಹೊರಗೆ ಹಾರುವುದಿಲ್ಲ, ಹಬೆ ಹೋಗುತ್ತದೆ. ಸದ್ದು ಕಡಿಮೆಯಾಗುವಾಗಲೇ ಇಳಿಸಿ. ಪೂರ್ತಿ ನಿಲ್ಲಲಿ ಅಂತ ಕಾದರೆ ತಳದ್ದು ಸೀದುಹೋಗುತ್ತದೆ. ಇಷ್ಟಕ್ಕೂ ಒಂದು ಹಿಡಿಗೆ ಅರ್ಧ ನಿಮಿಷ ಸಾಕು.

ಉಸುಕಿನ ಬದಲು ಉಪ್ಪಿನಲ್ಲೂ ಹುರಿದು ನೋಡಿದೆ. ಬಿಸಿ ಎಲ್ಲ ಕಡೆ ಸಮನಾಗಿ ತಾಗಿತು, ಆದರೆ ಬಿರಿದ ಸಂದಿಯಲ್ಲಿ ಉಪ್ಪು ಕೂತು ಅಳ್ಳಿಟ್ಟು ಕೆಟ್ಟಿತು. ಶೇಂಗಾಕ್ಕೆ ಅದು ಬಲು ಚಲೋ. ಮನೆಯಲ್ಲಿ ಹಳತಾಗಿ ಅರಳದೆ ಉಳಿದಿದ್ದ ಪಾಪ್‌ಕಾರ್ನ್ ಕಾಳಿಗೂ ಹೀಗೇ ನೀರು ಚಿಮುಕಿಸಿ ಎರಡು ದಿನ ಇಟ್ಟೆ. ಮುಕ್ಕಾಲು ಪಾಲು ಅರಳಿತು. ಹೊಲದ ಸಾಮಾನ್ಯ ಮೆಕ್ಕೆಜೋಳಕ್ಕೆ ಏನು ಮಾಡಿದರೂ ಆಗಲಿಲ್ಲ. ರಾಜಗೀರಿಗೆ ನೀರೇ ಬೇಡ, ಚಮಚದಷ್ಟು ಹಾಕಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅರಳುತ್ತದೆ.

ಈಗ ಲೆಕ್ಕ. ಜೋಳಕ್ಕೆ ಕಿಲೋಗೆ 60 ಕೊಟ್ಟ ನೆನಪು. ಗ್ಯಾಸ್ ಒಂದು ಕಿಲೋಗೆ ಮುಕ್ಕಾಲು ಗಂಟೆ ಉರಿಯುತ್ತದೆ. 25 ರೂಪಾಯಿ ಅಂತ ಹಿಡಿದಿದ್ದೇನೆ. ಕಿಲೋ ಜೋಳಕ್ಕೆ ಒಳ್ಳೆಯ ಅಳ್ಳು 700 ಗ್ರಾಂ ಸಿಗುತ್ತದೆ. ಓಣಿಯ ನಾಲ್ಕು ಮನೆಗೆ 180ರಂತೆ ನಾಲ್ಕು ಕಿಲೋ ಕೊಟ್ಟೆ. ಕಾಳು, ಗ್ಯಾಸ್ ಎಲ್ಲ ಕಳೆದು, ಹಾಳಾದ ಬಾಣಲೆಯ ದುಡ್ಡು ಇನ್ನೂ ಪೂರ್ತಿ ಹುಟ್ಟಿಲ್ಲ. ಮುಂದಿನ ಪಂಚಮಿಗಳಲ್ಲಿ ಹುಟ್ಟೀತು. ಅತ್ತಿ ಆಗಲೇ ಸೇಡಂನ ತಂಗಿಗೆ ಎರಡು ಕಿಲೋ ಬೇಕು ಅಂತ ಹೇಳಿಟ್ಟಿದ್ದಾರೆ.

ಅರಳದೆ ಉಳಿದ ಕಾಳನ್ನು ಜರಡಿಯಲ್ಲಿ ಬೇರೆ ಮಾಡದೆ ಅಳ್ಳಿಟ್ಟಿಗೆ ಬೀಸಬೇಡಿ. ನಾನು ಅವನ್ನು ಬೇರೆಯಾಗಿ ಒಡೆಸಿ ನುಚ್ಚು ಮಾಡುತ್ತೇನೆ. ಹುರಿದ ಕಾಳಿನ ನುಚ್ಚು, ಮಜ್ಜಿಗೆ ಹಾಕಿಕೊಂಡು ಉಂಡರೆ ರುಚಿಯೇ ಬೇರೆ.