ಚೆಂಡಿಗೆ ಕಾಲಿಲ್ಲ: ಆಕೃತಿ ಕಲಿಸಿದ ನನ್ನ ಅನುಭವ

ಲೂಡೋ ದಾಳ ಎತ್ತಿ ಹಿಡಿದು "ಇದೇನು?" ಅಂದರೆ ನನ್ನ ನಲಿ-ಕಲಿ ಮಕ್ಕಳು (ಒಂದರಿಂದ ಮೂರನೇತ್ತೆಯವರು, ಎಲ್ಲ ಒಂದೇ ಕೋಣೆಯಲ್ಲಿ) "ಚೌಕ ರೀ ಅಕ್ಕೋರ" ಅನ್ನುತ್ತಿದ್ದರು. ಚೆಂಡು ತೋರಿಸಿದರೆ "ವೃತ್ತ". ದಾಳ ಘನ, ಚೆಂಡು ಗೋಳ; ಆದರೂ ತಪ್ಪು ಅವರದಲ್ಲ. ಗೋಡೆಯ ಚಾರ್ಟಿನಲ್ಲಿ ಎಲ್ಲವೂ ಚಪ್ಪಟೆಯಾಗಿಯೇ ಅಂಟಿಕೊಂಡಿದ್ದವು. ವಿಜಯಪುರದ ಪಕ್ಕದ ನಮ್ಮ ಶಾಲೆಯಲ್ಲಿ ನಾಲ್ಕೈದು ವರ್ಷ ನಾನೂ ಹಾಗೇ ಕಲಿಸಿದೆ. ಮೊದಲು ವೃತ್ತ, ಚೌಕ, ತ್ರಿಭುಜ. ಗೋಳ, ಘನ ಎಲ್ಲ ಪರೀಕ್ಷೆ ಹತ್ತಿರ ಬಂದಾಗ ಅವಸರದಲ್ಲಿ.

ಇದನ್ನು ತಿರುವಿ ಹಾಕುತ್ತೇನೆ, ಕೈಯಲ್ಲಿ ಹಿಡಿಯುವಂಥ ಘನಾಕೃತಿಗಳಿಂದಲೇ ಶುರು ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಗೆ. "ಒಂದನೇತ್ತೆ ಹುಡುಗ್ರಿಗೆ ಚೌಕಾನ ಬರೂದಿಲ್ಲ, ಘನ ಎಲ್ಲಿ ಬರ್ತದ್ರೀ ಮೇಡಂ?"

ಮೊದಲ ವರ್ಷ ಬರೀ ದುಡ್ಡು ಹೋಯಿತು. ಥರ್ಮಾಕೋಲ್ ಆಕೃತಿಗಳಿಗೆ ಸುಮಾರು 350 ರೂಪಾಯಿ. ಎಂಟು ದಿನದಲ್ಲಿ ಘನದ ಮೂಲೆಗಳನ್ನೆಲ್ಲ ಚಿವುಟಿ ಮುಗಿಸಿದರು. ಆಮೇಲೆ ಇನ್ನೇನು ಮೂಲೆ ಎಣಿಸುವುದು! ಪ್ಲಾಸ್ಟಿಕ್ ಕಿಟ್ಟಿಗೆ 600ರ ಮೇಲೆ ಕೊಟ್ಟೆ. 28 ಮಕ್ಕಳಿಗೆ ಅದರಲ್ಲಿ ಇದ್ದದ್ದು ಒಂದೇ ಶಂಕು (ಕೋನ್), ದಿನಾ ಅದಕ್ಕೇ ಜಗಳ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗಳಲ್ಲವೇ ಅಂತ ಹೊಲದ ಎರೆಮಣ್ಣು ತರಿಸಿದೆ. ಎರಡೇ ದಿನಕ್ಕೆ ಘನಗಳೆಲ್ಲ ಬ್ಯಾಸಗಿ ಹೊಲದ ಹಾಗೆ ಬಿರುಕು ಬಿಟ್ಟವು. ಕೊನೆಗೆ ಕುಂಬಾರರ ಮನೆಯಿಂದ ಅರ್ಧ ಚೀಲ ಹದಮಣ್ಣು, 100 ರೂಪಾಯಿ. ಅದಕ್ಕೆ ನಾನು ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕೆಲಸ ಕೂಡಿಬಂದದ್ದು ಉಸುಕಿನಿಂದ. ಪರಾತದಲ್ಲಿ ಜರಡಿ ಹಿಡಿದ ಉಸುಕು, ಮೇಲೆ ನೀರು. ಮುಷ್ಟಿ ಹಿಡಿದರೆ ಉಂಡಿ ನಿಲ್ಲಬೇಕು, ಕೈಗೆ ಮೆತ್ತಬಾರದು. ಈ ಹದಕ್ಕೇ ನನಗೆ ಒಂದು ವಾರ ಹಿಡಿಯಿತು. ವಸ್ತುವನ್ನು ಒತ್ತಿ ಎತ್ತಿದರೆ ಉಳಿಯುವುದು ಅದರ ಹೆಜ್ಜೆ. ದಾಳದ ಹೆಜ್ಜೆ ಚೌಕ, ಆರೂ ಸಲ. ಬೆಂಕಿಪೊಟ್ಟಣ ಹೊರಳಿಸಿ ಹೊರಳಿಸಿ ಒತ್ತಿದರೆ ಮೂರು ನಮೂನೆಯ ಆಯತ. ಶಂಕುವಿಗೆ ತ್ರಿಭುಜ ಮೂಡುತ್ತದೆ ಅಂತ ಎಲ್ಲರೂ ಪಂಥ ಕಟ್ಟಿದ್ದರು, ಮೂಡಿದ್ದು ವೃತ್ತ. ಚೆಂಡನ್ನು ಹಗುರಾಗಿ ಇಟ್ಟು ಎತ್ತಿದಾಗ ಉಳಿದದ್ದು ಒಂದು ಚುಕ್ಕಿಯಷ್ಟು ಕುಳಿ. ಎರಡನೇತ್ತೆ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಇದಕ್ಕ ಕಾಲ ಇಲ್ಲರೀ ಅಕ್ಕೋರ" ಅಂದಳು. ಅವತ್ತಿನಿಂದ ನಮ್ಮಲ್ಲಿ ಗೋಳ ಅಂದರೆ ಕಾಲಿಲ್ಲದ್ದು.

ಮಧ್ಯೆ ಬೇರೆ ಚಟವೂ ಹತ್ತಿತು, ಕೊಯ್ಯುವುದು. ಮಣ್ಣಿನ ಗೋಳವನ್ನು ದಾರದಿಂದ ಯಾವ ಕಡೆಯಿಂದ ಕೊಯ್ದರೂ ವೃತ್ತವೇ. ಘನದ ಒಂದು ಮೂಲೆ ಹಾರಿಸಿದರೆ ತ್ರಿಭುಜ. ಮೂಲಂಗಿಯನ್ನು ಓರೆಯಾಗಿ ಕೊಯ್ದಾಗ "ತತ್ತಿ!" ಅಂತ ಕೂಗು. ಪಠ್ಯದಲ್ಲಿ ಇದೊಂದೂ ಇಲ್ಲ, ಬಿಡಿ. ಮೂರನೇತ್ತೆಯವರು ರಟ್ಟಿನ ಡಬ್ಬಿ ಬಿಚ್ಚಿ, ಆರು ಚೌಕಗಳನ್ನು ಎಷ್ಟು ರೀತಿ ಜೋಡಿಸಿದರೆ ಮತ್ತೆ ಘನವಾಗುತ್ತದೆ ಅಂತ ಹುಡುಕಿದರು. ಒಟ್ಟು 11 ರೀತಿ ಇವೆ; ಇವರು ಏಳೋ ಎಂಟೋ ಮುಟ್ಟುವಷ್ಟರಲ್ಲಿ ಬೆಲ್ಲಾಯಿತು.

ಗೋಲಗುಮ್ಮಟಕ್ಕೂ ಕರೆದೊಯ್ದೆ. ಮಕ್ಕಳಿಗೆ ಟಿಕೆಟ್ ಇಲ್ಲ, ಟಂಟಂ ಬಾಡಿಗೆ ಮಾತ್ರ ನನ್ನ ಕಿಸೆಯಿಂದ. "ಡಬ್ಬಿ ಮ್ಯಾಲ ಅರ್ಧಾ ಚೆಂಡು" ಅನ್ನಲು ಯಾರಿಗೂ ತಡವಾಗಲಿಲ್ಲ. ಮೂಲೆಯ ಮಿನಾರುಗಳನ್ನು ನಾನೇ ಸಿಲಿಂಡರ್ ಅಂದುಬಿಟ್ಟಿದ್ದೆ. ಒಬ್ಬ ಹುಡುಗ ಒಂದೊಂದೇ ಅಂಚು ಎಣಿಸಿ "ಎಂಟ ಮೂಲಿ ಅದಾವ್ರೀ" ಅಂದ. ಹೌದು, ಅವು ಎಂಟು ಮುಖದವು.

ಈ ವರ್ಷ ಭೇಟಿಗೆ ಬಂದ ಅಧಿಕಾರಿಯೊಬ್ಬರು ಐದು ರೂಪಾಯಿ ನಾಣ್ಯ ಹಿಡಿದು ಆಕಾರ ಕೇಳಿದರು. "ಗಿಡ್ಡ ಸಿಲಿಂಡರ್ ರೀ ಸರ" ಅಂದ ಒಬ್ಬ ಹುಡುಗ. "ವೃತ್ತ ಅಲ್ಲೇನು?" "ಅದರ ಹೆಜ್ಜಿ ವೃತ್ತರೀ." ಅವರು ನಾಣ್ಯವನ್ನು ಮಗ್ಗುಲಾಗಿ ತಿರುಗಿಸಿ ಒಮ್ಮೆ ನೋಡಿಕೊಂಡರು. ನಾನು ಸ್ಟಾಫ್ ರೂಮಿನವರ ಕಡೆ ನೋಡಿದೆ.

ಆದರೆ ಬೀಗುವುದು ಅಲ್ಲಿಗೇ ನಿಂತಿತು. ಸಂಜೆ ಅದೇ ಹುಡುಗ ನೋಟುಬುಕ್ಕಿನ ಹಾಳೆ ಹಿಡಿದು ಬಂದ: "ಹಂಗಾರ ಇದೂ ದಪ್ಪ ಐತೆಲ್ರೀ ಅಕ್ಕೋರ?" ಉತ್ತರಕ್ಕೆ ರಾತ್ರಿಯೆಲ್ಲ ಹಿಡಿಯಿತು. ಮರುದಿನ ಆಫೀಸಿನಿಂದ 500 ಹಾಳೆಯ ಬಿಡಿಸದ ಕಟ್ಟು ತಂದು ಸ್ಕೇಲು ಹಿಡಿಸಿದೆ. ಹತ್ತಿರ ಹತ್ತಿರ ಐದು ಸೆಂಟಿಮೀಟರ್. "ಒಂದು ಹಾಳಿ ಅಂದ್ರ ಬಾಳ ತೆಳ್ಳಗಿನ ಡಬ್ಬಿ" ಅಂದ, ನನಗಿಂತ ಮೊದಲೇ. ಕಟ್ಟು ವಾಪಸ್ ಕೊಟ್ಟಾಗ ಹೆಡ್‌ಮಾಸ್ತರರು ಹಾಳೆ ಎಣಿಸಲು ಕೂತರು.